ಶೋಧಪದಗಳ ಆಯ್ಕೆ: ಮುತ್ತತ್ತಿಯ ನಿದರ್ಶನ

ವಿದ್ಯುನ್ಮಾನ ದತ್ತಸಂಚಯಗಳಲ್ಲಿ ಆಕರಗಳನ್ನು ಅರಸುವ ಸಂಶೋಧಕನಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ಮುತ್ತತ್ತಿ ಇದಕ್ಕೊಂದು ನಿದರ್ಶನ. ಈ ಊರಿನ ಹೆಸರು ಬರಹದಲ್ಲಿ ‘ಮುತ್ತತ್ತಿ’, ‘ಮುತ್ತೆತ್ತಿ’ ಎಂಬ ರೂಪಗಳಲ್ಲಿ ಕಾಣಸಿಗುತ್ತದೆ. ಹೊಳೆಯಲ್ಲಿ ಕಳೆದ ಸೀತೆಯ ಮುತ್ತನ್ನು ಹನುಮಂತನು ಎತ್ತಿಕೊಟ್ಟನೆಂಬ ಐತಿಹ್ಯ ಎರಡನೆಯ ರೂಪಕ್ಕೆ ಆಧಾರ. ಅಲ್ಲಿನ ದೈವ ಮುತ್ತೆತ್ತರಾಯ. ರೋಮನ್ ಲಿಪಿಯಲ್ಲಿ ‘ತ’ಕಾರವನ್ನು ಕೆಲವರು ‘ಟಿ’ ಎಂದೂ ಕೆಲವರು ‘ಟಿ-ಎಚ್’ ಎಂದೂ ಬರೆಯುವುದರಿಂದ ರೂಪಗಳು ಇನ್ನಷ್ಟು ಹೆಚ್ಚುತ್ತವೆ. ಯಂತ್ರವು ಅಕ್ಷರಗಳನ್ನು ಹೋಲಿಸಬಲ್ಲದೇ ಹೊರತು ಊರನ್ನು ಅರಿಯದು.

ಎರಡನೆಯ ತೊಡಕು ಆಡಳಿತ ವಿಭಾಗದ್ದು. ಮಂಡ್ಯ ಜಿಲ್ಲೆ ರಚನೆಯಾದುದು 1939ರಲ್ಲಿ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಮಳವಳ್ಳಿಯ ಶಾಸನಗಳು ಮೈಸೂರು ಜಿಲ್ಲೆಯ ಅಡಿಯಲ್ಲಿವೆ, ಪರಿಷ್ಕೃತ ಆವೃತ್ತಿಯಲ್ಲಿ ಅವು ಏಳನೆಯ ಸಂಪುಟಕ್ಕೆ ಸೇರಿವೆ. ‘ಮಂಡ್ಯ ಜಿಲ್ಲೆ’ ಎಂದಷ್ಟೇ ಶೋಧಿಸಿದವನಿಗೆ ರೈಸರ ಸಂಪುಟ ದೊರೆಯದೆ ಹೋಗಬಹುದು.

ಆದ್ದರಿಂದ ಊರು, ದೈವ, ತಾಲ್ಲೂಕು, ಹಳೆಯ ಹಾಗೂ ಹೊಸ ಜಿಲ್ಲೆಗಳ ಹೆಸರುಗಳನ್ನು ಮೊದಲೇ ಪಟ್ಟಿಮಾಡಿಕೊಳ್ಳಬೇಕು. ಒಂದೇ ಹೆಸರಿನ ಪರ್ಯಾಯ ರೂಪಗಳನ್ನು ‘ಅಥವಾ’ ಸೂಚಕದಿಂದಲೂ, ‘ಶಾಸನ’, ‘ಐತಿಹ್ಯ’ದಂತಹ ವಿಷಯಪದಗಳನ್ನು ‘ಮತ್ತು’ ಸೂಚಕದಿಂದಲೂ ಜೋಡಿಸಬೇಕು. ‘ಆಕರ ಲಭ್ಯವಿಲ್ಲ’ ಎಂಬ ನಿರ್ಣಯಕ್ಕೆ ಬರುವವನು ತಾನು ಬಳಸಿದ ಪದಗಳನ್ನೂ ಪ್ರಬಂಧದಲ್ಲಿ ದಾಖಲಿಸುವುದು ಅಗತ್ಯ. ಇಲ್ಲವಾದರೆ ಪದದ ಕೊರತೆಯೇ ಆಕರದ ಕೊರತೆಯೆಂದು ಮುಂದಿನವರು ನಂಬುವಂತಾಗುತ್ತದೆ.