ಪಟ್ಟಣ ಬೆಳೆಯುವಾಗ ಬಾವಲಿಗಳ ನೆಲೆ ಉಳಿಸೋಣ



ಗುಮ್ಮಘಟ್ಟದ ಕಡೆ ಹೊಲ ನೋಡಲು ಹೋಗಿದ್ದಾಗ ಹಿರಿಯ ರೈತರೊಬ್ಬರು ರಸ್ತೆ ಬದಿಯ ಹಳೆಯ ಆಲದಮರವನ್ನು ತೋರಿಸಿ, "ರಸ್ತೆ ಅಗಲ ಮಾಡ್ತಾರಂತೆ ಸಾರ್. ಈ ಮರ ಹೋದ್ರೆ ಬಾವಲಿ ಕಾಟಾನೂ ಹೋಗುತ್ತೆ, ಒಳ್ಳೇದೇ ಅಲ್ವಾ?" ಎಂದು ಕೇಳಿದರು. ಇದು ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲವಾದ್ದರಿಂದ ಇಲ್ಲಿ ವಿವರಿಸಿದೆ.

ಬಾವಲಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಮರಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿ ಹಣ್ಣು, ಹೂವಿನ ಮಕರಂದಗಳನ್ನು ತಿನ್ನುತ್ತದೆ. ಹಿಪ್ಪೆಯಂಥ ಮರಗಳ ಪರಾಗಸ್ಪರ್ಶಕ್ಕೂ ಆಲ, ಅತ್ತಿಗಳ ಬೀಜ ಪ್ರಸಾರಕ್ಕೂ ಇದು ನೆರವಾಗುತ್ತದೆ. ಬಂಡೆಸಂದು, ಹಾಳು ಗುಡಿ, ಪಾಳುಬಾವಿಗಳಲ್ಲಿ ವಾಸಿಸುವ ಸಣ್ಣ ಬಾವಲಿಗಳು ಕೀಟಗಳನ್ನು ತಿನ್ನುತ್ತವೆ. ಮರಿಗೆ ಹಾಲೂಡಿಸುವ ತಾಯಿ ಒಂದೇ ರಾತ್ರಿಯಲ್ಲಿ ತನ್ನ ತೂಕಕ್ಕೆ ಹತ್ತಿರದಷ್ಟು ಕೀಟ ತಿನ್ನಬಲ್ಲದು. ಕಬ್ಬಿನ ಸುಳಿ ಕೊರೆಯುವ ಹುಳುವಿನ ಪತಂಗವೂ, ಮೊದಲ ಮಳೆಯ ನಂತರ ಬೇವು, ಜಾಲಿ ಮರಗಳಿಗೆ ಮುತ್ತುವ ಗೊಣ್ಣೆಹುಳುವಿನ ದುಂಬಿಯೂ ಹಾರಾಡುವುದು ಕತ್ತಲಲ್ಲಿಯೇ ಎಂಬುದನ್ನು ಗಮನಿಸಿ. ಬಾವಲಿ ಇದ್ದ ಮಾತ್ರಕ್ಕೆ ಹುಳುಬಾಧೆ ನಿಲ್ಲುವುದಿಲ್ಲ. ಆದರೆ ಕೂಲಿ ಕೇಳದ ಈ ಸಹಾಯವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಪಟ್ಟಣ ಬೆಳೆದರೆ ಎಲ್ಲ ಬಾವಲಿಗಳಿಗೂ ಒಂದೇ ಪರಿಣಾಮವಾಗುವುದಿಲ್ಲ. ವೇಗವಾಗಿ ಹಾರುವ ಕೆಲವು ಸಣ್ಣ ಬಾವಲಿಗಳು ಬೀದಿದೀಪಕ್ಕೆ ಬರುವ ಹುಳುಗಳನ್ನು ಹಿಡಿದು ಬದುಕಿಕೊಳ್ಳುತ್ತವೆ. ನಿಧಾನವಾಗಿ ಹಾರುವ ಎಲೆಮೂಗಿನ ಬಾವಲಿಗಳು ಬೆಳಕಿಗೆ ಅಂಜಿ ದೂರ ಸರಿಯುತ್ತವೆ. ದೊಡ್ಡ ಬಾವಲಿಗೆ ಊರಿನ ತೋಟಗಳಲ್ಲಿ ಹಣ್ಣು ಸಿಕ್ಕೀತು; ಆದರೆ ನೂರಾರು ಒಟ್ಟಾಗಿ ತೂಗುವಂಥ ಮರ ಸಿಗುವುದಿಲ್ಲ. ಈ ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಆದ್ದರಿಂದ ಒಮ್ಮೆ ಕುಗ್ಗಿದ ಹಿಂಡು ಬೇಗ ಚೇತರಿಸುವುದಿಲ್ಲ.

ಬಂಡೆಗಳಲ್ಲಿ ವಾಸಿಸುವ ಬಾವಲಿಗಳ ಕಷ್ಟಕ್ಕೆ ನೆರೆಯ ಕರ್ನಾಟಕದ ಕೋಲಾರ ಜಿಲ್ಲೆಯೇ ನಿದರ್ಶನ. 1994ರಲ್ಲಿ ವಿಜ್ಞಾನಿಗಳು ಹೆಸರಿಸಿದ ಕೋಲಾರದ ಎಲೆಮೂಗಿನ ಬಾವಲಿ ಇಂದು ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿರುವುದು ತಿಳಿದಿದೆ. ಅಲ್ಲಿರುವುದು ಇನ್ನೂರರ ಒಳಗೆ. ಕಟ್ಟಡಗಳಿಗೆ ಬೇಕಾಗುವ ಗ್ರಾನೈಟಿಗಾಗಿ ಬಂಡೆ ಒಡೆಯುವುದೇ ಇದಕ್ಕೆ ದೊಡ್ಡ ಗಂಡಾಂತರವಾಯಿತು. ಹೀಗೆ ಪಟ್ಟಣದ ಬೆಳವಣಿಗೆಯ ಪೆಟ್ಟು ದೂರದ ಹಳ್ಳಿಯ ಗುಡ್ಡಕ್ಕೂ ತಟ್ಟುತ್ತದೆ. ಈಗ ಬಾವಲಿ ಸಂರಕ್ಷಣೆಯ ಟ್ರಸ್ಟೊಂದು ಆ ಗುಹೆಯ ರಕ್ಷಣೆಗೆ ದುಡಿಯುತ್ತಿದೆ. ರಾಯದುರ್ಗದ ಸುತ್ತಲೂ ಬಂಡೆಗುಡ್ಡಗಳಿರುವುದರಿಂದ ಈ ಪಾಠ ನಮಗೂ ಬೇಕು.

2018ರಲ್ಲಿ ಕೇರಳದಲ್ಲಿ ನಿಪಾ ರೋಗ ಕಾಣಿಸಿಕೊಂಡ ಮೇಲೆ ಅನೇಕರಿಗೆ ಭಯ ಹುಟ್ಟಿದೆ. ಎಚ್ಚರ ಬೇಕು, ನಿಜ. ಆದರೆ ಮರ ಕಡಿದು ಹಿಂಡನ್ನು ಚದುರಿಸಿದರೆ ಅವು ಇನ್ನೊಂದು ಊರಿನ ಮರ ಸೇರುತ್ತವೆಯೇ ಹೊರತು ಅಪಾಯ ತೊಲಗುವುದಿಲ್ಲ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿ ಹಾನಿಕಾರಕ ಪ್ರಾಣಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ರದ್ದಾಗಿದೆ.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು:

1. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಸತ್ತ ಅಥವಾ ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

2. ಈಚಲು ಮರಕ್ಕೆ ಕಟ್ಟಿದ ಮಡಕೆಗೆ ಬಾವಲಿ ಬಾಯಿ ಹಾಕದಂತೆ ಮುಚ್ಚಿಗೆ ಕಟ್ಟಬೇಕು. ಹಸಿ ನೀರಾ ಕುಡಿಯಬಾರದು.

3. ಬಾವಲಿ ಇರುವ ಗುಹೆಯಲ್ಲಿ ಹೊಗೆ ಹಾಕುವುದು, ಪಟಾಕಿ ಸಿಡಿಸುವುದು ಕೂಡದು.

4. ಬಾವಲಿ ಕೂರುವ ಮರಕ್ಕೆ ನೇರವಾಗಿ ದೀಪ ಹಾಯಿಸಬಾರದು. ಹೊಲದ ಮನೆಯ ದೀಪವನ್ನು ಕೆಳಮುಖವಾಗಿ ಕಟ್ಟಬೇಕು.

5. ರಸ್ತೆಗಾಗಿ ಮರ ಕಡಿಯುವ ಸುದ್ದಿ ಬಂದೊಡನೆ ಗ್ರಾಮ ಪಂಚಾಯತಿಗೂ ಅರಣ್ಯ ಇಲಾಖೆಗೂ ಲಿಖಿತ ಮನವಿ ಕೊಡಬೇಕು. ಕಡಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

6. ಊರ ಗೋಮಾಳ, ಕೆರೆಯಂಚುಗಳಲ್ಲಿ ಆಲ, ಅತ್ತಿ, ಹಿಪ್ಪೆ ಸಸಿಗಳನ್ನು ಈಗಲೇ ನೆಡಬೇಕು.

ಆ ಹಿರಿಯರಿಗೆ ನನ್ನ ಉತ್ತರ ಇಷ್ಟು: ಇಂದು ನೆಟ್ಟ ಆಲದ ಸಸಿ ಬಾವಲಿ ಹಿಂಡನ್ನು ಹೊರುವಷ್ಟು ಬೆಳೆಯುವ ಹೊತ್ತಿಗೆ ನಮ್ಮ ಮೊಮ್ಮಕ್ಕಳು ಬೇಸಾಯಕ್ಕೆ ಇಳಿದಿರುತ್ತಾರೆ. ರಸ್ತೆಯನ್ನು ಎರಡು ಮಾರು ಪಕ್ಕಕ್ಕೆ ಸರಿಸಲು ಅಷ್ಟು ಕಾಲ ಬೇಡ. ಮರಕ್ಕೆ ಕೊಡಲಿ ಬೀಳುವ ಮೊದಲು ಹತ್ತು ಜನ ಸೇರಿ ಒಂದು ಅರ್ಜಿ ಬರೆಯಿರಿ.