ಎದೆಗೊಂದು ಹದ, ಕಾಲಿಗೊಂದು ಹದ

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ನೆಲೆಸಿದ ಮೇಲೆ ನಮ್ಮ ಮನೆಯ ಕ್ರಿಸ್‌ಮಸ್ ಊಟಕ್ಕೆ ಫೆಸೆಂಟ್ ಕಾಯಂ ಆಗಿಬಿಟ್ಟಿದೆ. ಇಲ್ಲಿ ಈ ಹಕ್ಕಿಯ ಬೇಟೆಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅವಕಾಶ. ಹಾಗಾಗಿ ಹಬ್ಬದ ಹೊತ್ತಿಗೆ ಮಾಂಸದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಇದನ್ನು ಬೇಯಿಸುತ್ತಾ ಬೇಯಿಸುತ್ತಾ ನನಗೆ ಮನದಟ್ಟಾದ ಪಾಠ ಒಂದೇ: ಇದರ ಎದೆಯ ಹದ ಬೇರೆ, ಕಾಲಿನ ಹದ ಬೇರೆ.

ಕಾರಣ ಹಕ್ಕಿಯ ಬದುಕಿನಲ್ಲೇ ಇದೆ. ಫೆಸೆಂಟ್ ಹಾರುವುದಕ್ಕಿಂತ ನೆಲದ ಮೇಲೆ ಓಡಾಡುವುದೇ ಹೆಚ್ಚು. ಹೀಗಾಗಿ ಕಾಲು ಗಟ್ಟಿ, ಕೆಳಗಾಲಿನ ತುಂಬ ನರ. ಎದೆಯಲ್ಲಿ ಮಾಂಸ ಚೆನ್ನಾಗಿದ್ದರೂ ಕೊಬ್ಬು ತೀರಾ ಕಡಿಮೆ. ಐದು ನಿಮಿಷ ಹೆಚ್ಚು ಬೆಂದರೂ ನಾರುನಾರಾಗುತ್ತದೆ. ಕಾಲು ಬೇಯುವವರೆಗೆ ಕಾದರೆ ಎದೆ ಒಣಗಿರುತ್ತದೆ.

ಅಂಗಡಿಯಲ್ಲಿ ಗಂಡು–ಹೆಣ್ಣು ಜೋಡಿಯಾಗಿ ಮಾರುವುದು ವಾಡಿಕೆ. ಹೆಣ್ಣು ಚಿಕ್ಕದು, ಮೃದು, ಇಬ್ಬರಿಗೆ ಸಾಕು. ಗಂಡು ತುಸು ದೊಡ್ಡದು. ಕಾಲಿನ ಹಿಂದಿನ ಮುಳ್ಳು ಮೊಂಡಾಗಿ ಚಿಕ್ಕದಿದ್ದರೆ ಎಳೆಯದು, ಉದ್ದವಾಗಿ ಚೂಪಾಗಿದ್ದರೆ ಬಲಿತದ್ದು. ಪುಕ್ಕದ ಸಮೇತ ಕೆಲವು ದಿನ ತಂಪಿನಲ್ಲಿ ತೂಗುಹಾಕಿದ ಹಕ್ಕಿಯ ಮಾಂಸಕ್ಕೆ ರುಚಿಯೂ ಹೆಚ್ಚು, ಮೆದುತನವೂ ಹೆಚ್ಚು. ಎಷ್ಟು ದಿನ ತೂಗುಹಾಕಿದ್ದಾರೆಂದು ಕೇಳಿಯೇ ಕೊಳ್ಳಬೇಕು.

ಮನೆಗೆ ತಂದ ಮೇಲೆ ಮೊದಲ ಕೆಲಸ ಮಾಂಸದಲ್ಲಿ ಉಳಿದ ಚರ್ರೆ, ಅಂದರೆ ಬೇಟೆ ಬಂದೂಕಿನ ಸಣ್ಣ ಗುಂಡು, ಹುಡುಕುವುದು. ಬೆಳಕಿಗೆ ಹಿಡಿದು ಬೆರಳಾಡಿಸಿದರೆ ಚರ್ಮದ ಮೇಲೆ ಸಣ್ಣ ಕಪ್ಪು ತೂತು ಕಾಣುತ್ತದೆ. ಕೆಲವೊಮ್ಮೆ ಒಂದು ಎಳೆ ಪುಕ್ಕವೂ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಚಿಮಟದಿಂದ ಎರಡನ್ನೂ ತೆಗೆದು, ಸುತ್ತ ರಕ್ತ ಹೆಪ್ಪುಗಟ್ಟಿದ ಮಾಂಸವನ್ನೂ ಕತ್ತರಿಸಿಬಿಡಬೇಕು. ಚರ್ರೆ ಸೀಸದ್ದಾಗಿರಬಹುದು. ಅದಕ್ಕೇ ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನು ನಾನು ಬಡಿಸುವುದಿಲ್ಲ.

ಇಡಿಯಾಗಿ ಹುರಿಯಲು ಎಳೆಯ ಹೆಣ್ಣೇ ಆಗಬೇಕು. ಎದೆಯ ಚರ್ಮದಡಿ ಬೆಣ್ಣೆ ಸವರಿ, ಮೇಲೆ ಕೊಬ್ಬಿರುವ ಬೇಕನ್ ಪಟ್ಟಿಗಳನ್ನು ಹೊದಿಸುತ್ತೇನೆ. ಹೊಟ್ಟೆಯೊಳಗೆ ಅರ್ಧ ಈರುಳ್ಳಿ, ಒಂದೆರಡು ಕಡ್ಡಿ ಥೈಮ್. 190 ಡಿಗ್ರಿ ಒಲೆಯಲ್ಲಿ ಸುಮಾರು 45 ನಿಮಿಷ. ಕೊನೆಯ ಹತ್ತು ನಿಮಿಷ ಬೇಕನ್ ತೆಗೆದರೆ ಚರ್ಮ ಕೆಂಪಗಾಗುತ್ತದೆ. ತೊಡೆಯ ಸಂದಿಗೆ ಕಡ್ಡಿ ಚುಚ್ಚಿದಾಗ ಬರುವ ರಸ ತಿಳಿಯಾಗಿರಬೇಕು. ಹೊರತೆಗೆದು ಕಾಲು ಗಂಟೆ ಹಾಗೇ ಬಿಟ್ಟರೆ ರಸ ಮಾಂಸದಲ್ಲೇ ನಿಲ್ಲುತ್ತದೆ. ಜೊತೆಗೆ ಬ್ರೆಡ್ ಸಾಸ್, ರೆಡ್‌ಕರಂಟ್ ಜೆಲ್ಲಿ, ಚೆಸ್ಟ್‌ನಟ್ ಇದ್ದರೆ ಇಲ್ಲಿನವರಿಗೆ ಹಬ್ಬದೂಟ ಪೂರ್ಣ.

ಗಂಡು ಹಕ್ಕಿಗೆ ಸೇಬಿನ ಮದ್ಯವಾದ ಸೈಡರ್ ಒಗ್ಗುತ್ತದೆ. ಸಾಮರ್ಸೆಟ್ ಸೇಬಿನ ಸೀಮೆ, ಸೈಡರ್‌ಗೆ ಬರವಿಲ್ಲ. ಎದೆ, ಕಾಲು ಬೇರ್ಪಡಿಸಿ ಬೆಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಈರುಳ್ಳಿ, ಸೇಬಿನ ಹೋಳು ಹಾಕಿ ಸೈಡರ್ ಸುರಿಯುತ್ತೇನೆ. ಕಾಲು ಮೊದಲು ಮುಚ್ಚಳದಡಿ ಸಣ್ಣ ಉರಿಯಲ್ಲಿ ಗಂಟೆಗೂ ಮೀರಿ ಬೇಯಲಿ. ಎದೆಯ ತುಂಡುಗಳು ಕೊನೆಯ ಕಾಲು ಗಂಟೆಗೆ ಸೇರಿದರೆ ಸಾಕು. ಇಳಿಸುವ ಮುನ್ನ ಸ್ವಲ್ಪ ಕೆನೆ. ಫ್ರಾನ್ಸಿನ ನಾರ್ಮಂಡಿಯವರು ಇದಕ್ಕೆ ಸೇಬಿನ ಬ್ರಾಂದಿಯಾದ ಕಾಲ್ವಡೋಸ್ ಹಾಕುತ್ತಾರೆ.

ನನಗೆ ತೀರಾ ಇಷ್ಟವಾದದ್ದು ಕಾಲುಗಳನ್ನು ಮಾತ್ರ ಕೊಡಗಿನ ರೀತಿಯಲ್ಲಿ ಮಾಡುವುದು. ಕಾಳುಮೆಣಸು, ಕೊತ್ತಂಬರಿ, ಜೀರಿಗೆ ಕಪ್ಪಗೆ ಹುರಿದು ಪುಡಿಮಾಡಿ, ಬಲಿತ ನಾಟಿಕೋಳಿಯಂತೆ ನಿಧಾನವಾಗಿ ಬೇಯಿಸಿ, ಕೊನೆಗೆ ಹುಳಿಗೆ ಒಂದು ಚಮಚ ಕೊಡಗಿನ ಕಾಚಂಪುಳಿ. ಮಾಂಸ ಕಳಚಿಕೊಂಡಾಗ ಗಟ್ಟಿ ನರಗಳನ್ನು ಎಳೆದು ಹಾಕಬಹುದು. ಹಬ್ಬದ ಹಿಂದಿನ ದಿನವೇ ಮಾಡಿಟ್ಟರೆ ರುಚಿ ಇನ್ನೂ ಕೂಡಿಕೊಳ್ಳುತ್ತದೆ, ಮರುದಿನ ಒಲೆಯೂ ಬಿಡುವಾಗಿರುತ್ತದೆ.

ಊರಿನ ನೆಂಟರು ಇದನ್ನು ಕೇಳಿ ಕಾಡುಕೋಳಿಯಲ್ಲಿ ಮಾಡಬಹುದೇ ಎನ್ನುತ್ತಾರೆ. ಖಂಡಿತ ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ಬೇಟೆ ಅಪರಾಧ. ಆ ಹಕ್ಕಿ ಕಾಡಿನಲ್ಲೇ ಇರಲಿ. ಊರಲ್ಲಿರುವವರು ಬಲಿತ ನಾಟಿಕೋಳಿಯ ಎದೆಯನ್ನೂ ಕಾಲನ್ನೂ ಬೇರೆ ಮಾಡಿ, ಒಂದೊಂದಕ್ಕೂ ಅದರದರ ಹೊತ್ತು ಕೊಟ್ಟು ಬೇಯಿಸಿ ನೋಡಿ. ಬಡಿಸುವಾಗ ಯಾವ ತುಂಡು ಯಾರ ತಟ್ಟೆಗೆ ಹೋದರೂ ಚಿಂತೆಯಿಲ್ಲ.