ಭಯ, ಶಂಕೆ, ತ್ರಾಸ: ಪ್ಯಾನಿಕ್ ಸ್ಥಿತಿಗೊಂದು ರಸದೃಷ್ಟಿ

ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ರಸದ ಸ್ಥಾಯಿಭಾವ ಭಯ. ಭಯವನ್ನು ಹುಟ್ಟಿಸುವ ಕಾರಣ ವಿಭಾವ. ಅದನ್ನು ಹೊರಗೆ ತೋರುವುದು ಅನುಭಾವ. ಸ್ವೇದ, ವೇಪಥು, ಸ್ವರಭೇದ ಮೊದಲಾದ 8 ಸಾತ್ತ್ವಿಕ ಭಾವಗಳು ಬಯಸದೆಯೂ ಮೈಯಲ್ಲಿ ಮೂಡುತ್ತವೆ. 33 ವ್ಯಭಿಚಾರಿ ಭಾವಗಳಲ್ಲಿ ತ್ರಾಸ, ಶಂಕೆ ಎರಡೂ ಭಯದ ಬಳಗದವು. ತ್ರಾಸ ಸಿಡಿಲಿನಂತೆ ಹಠಾತ್ತಾಗಿ ಎರಗುವಂಥದು. ಶಂಕೆ ಕೇಡು ಬಂದೀತೆಂಬ ಸಂದೇಹ.

‘ಪ್ಯಾನಿಕ್ ಅಟ್ಯಾಕ್’ ಎಂಬ ಸ್ಥಿತಿಯನ್ನು ಅರಿಯಲು ಈ ಪರಿಭಾಷೆ ನೆರವಾಗುತ್ತದೆ. ಗ್ರಂಥಾಲಯದಲ್ಲಿ ಓದುತ್ತ ಕುಳಿತ ವಿದ್ಯಾರ್ಥಿನಿಗೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಉಸಿರು ಸಾಲದೆನಿಸುತ್ತದೆ. ಎದುರಿಗೆ ಹುಲಿಯಿಲ್ಲ, ಹಗೆಯಿಲ್ಲ. ವಿಭಾವವನ್ನು ಕಾಣದ ಮನಸ್ಸು ಮೈಯ ಲಕ್ಷಣವನ್ನೇ ವಿಭಾವವೆಂದು ಬಗೆಯುತ್ತದೆ. ಪ್ರಾಣವೇ ಹೋಗುತ್ತಿದೆಯೆಂದು ಹೆದರುತ್ತದೆ. ಹೆದರಿದಷ್ಟೂ ಬಡಿತ ಏರುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದು ಇಂಥ ವರ್ತುಲವನ್ನೇ. ತ್ರಾಸ ಕಳೆದ ಮೇಲೂ ‘ಮತ್ತೆ ಬಂದರೆ?’ ಎಂಬ ಶಂಕೆ ಉಳಿಯುತ್ತದೆ. ಆಕೆ ಗ್ರಂಥಾಲಯವನ್ನು, ಬಸ್ಸನ್ನು, ತರಗತಿಯನ್ನು ಬಿಡತೊಡಗುತ್ತಾಳೆ. ಬಿಟ್ಟಷ್ಟೂ ಶಂಕೆ ಬಲಿಯುತ್ತದೆ.

ಇಲ್ಲಿ ರನ್ನನ ‘ಗದಾಯುದ್ಧ’ವನ್ನು ನೆನೆಯಬಹುದು. ವೈಶಂಪಾಯನ ಸರೋವರದೊಳಗೆ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ನೀರಿನ ನಡುವೆಯೂ ಬೆವರುತ್ತಾನೆ. ಬೆವರನ್ನಷ್ಟೇ ನೋಡಿದವರು ಅದನ್ನು ಭಯವೆನ್ನುವರು. ಆದರೆ ಕವಿ ಅವನ ಕಣ್ಣುಗಳು ಕೋಪದಿಂದ ಕೆಂಪಾದುದನ್ನೂ ಹೇಳಿದ್ದಾನೆ. ಸಾತ್ತ್ವಿಕ ಭಾವಕ್ಕೆ ತನ್ನಷ್ಟಕ್ಕೆ ಒಂದೇ ಅರ್ಥವಿಲ್ಲ. ಎದೆಬಡಿತವೂ ಹಾಗೆಯೇ: ಮೆಟ್ಟಿಲು ಹತ್ತಿದಾಗಲೂ ಅದು ಏರುತ್ತದೆ.

ಚಿಕಿತ್ಸೆಯ ತಿರುಳೂ ಲಕ್ಷಣಕ್ಕೆ ಸರಿಯಾದ ಅರ್ಥವನ್ನು ಕೊಡುವುದೇ. ಮೊದಲ ಬಾರಿ ಹೀಗಾದಾಗ ವೈದ್ಯರನ್ನು ಕಂಡು ಹೃದಯ, ಥೈರಾಯ್ಡ್‌ಗಳ ತೊಂದರೆಯಿಲ್ಲವೆಂದು ತಿಳಿದುಕೊಳ್ಳಬೇಕು. ಪ್ಯಾನಿಕ್ ಎಂದು ಖಚಿತವಾದ ಬಳಿಕ, ಅದು ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿಗೇರಿ ಇಳಿಯುತ್ತದೆಂಬ ಅರಿವೇ ದೊಡ್ಡ ಆಸರೆ. ಆಗ ಓಡಿಹೋಗದೆ ಇದ್ದಲ್ಲೇ ಇದ್ದು, ಉಸಿರನ್ನು ನಿಧಾನವಾಗಿ ಹೊರಬಿಡುತ್ತ, ಅಲೆ ಇಳಿಯಲು ಬಿಡಬೇಕು. ಬಿಟ್ಟ ಸ್ಥಳಗಳಿಗೆ ಸ್ವಲ್ಪಸ್ವಲ್ಪವಾಗಿ ಮರಳಬೇಕು. ಪದೇಪದೇ ಕಾಡಿದರೆ ಮನೋವೈದ್ಯರ ನೆರವು ಪಡೆಯುವುದರಲ್ಲಿ ಸಂಕೋಚ ಸಲ್ಲದು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಅಭ್ಯಾಸ: ಒಂದೇ ಸಾತ್ತ್ವಿಕ ಭಾವ ಬೇರೆ ಬೇರೆ ಸ್ಥಾಯಿಭಾವಗಳನ್ನು ಸೂಚಿಸುವ ಎರಡು ಸಂದರ್ಭಗಳನ್ನು ಪಠ್ಯದ ಕಾವ್ಯಭಾಗಗಳಿಂದ ಆರಿಸಿ ವಿವರಿಸಿ.